ನಿಮಗಿದು ಗೊತ್ತೇ? ಬಾಣ ಬಿಟ್ಟವರು, ಬೇಡ ಅಂದವರು

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಕ್ಯಾಂಪಸ್ಸಿನ ಹಿಂಬದಿಗೆ ಅಂಟಿಕೊಂಡ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೆ ನಾಟಕ ನೋಡಲು ಹೋಗಿ ಬಂದವರು ಬಹಳ. ಅದೇ ಆವರಣದಲ್ಲಿ ಕನ್ನಡದ ಮೂವರು ದೊಡ್ಡ ಲೇಖಕರ ಅಂತ್ಯಸಂಸ್ಕಾರ ನಡೆದದ್ದು ಗೊತ್ತೇ? 2013ರ ಡಿಸೆಂಬರಿನಲ್ಲಿ ಜಿ.ಎಸ್. ಶಿವರುದ್ರಪ್ಪ, 2014ರ ಆಗಸ್ಟಿನಲ್ಲಿ ಯು.ಆರ್. ಅನಂತಮೂರ್ತಿ, 2021ರ ಜೂನ್‌ನಲ್ಲಿ ಸಿದ್ಧಲಿಂಗಯ್ಯ. ಮೂವರೂ ತಮ್ಮ ತಮ್ಮ ರೀತಿಯಲ್ಲಿ ಎದುರಾಡಿದವರೇ. ಒಬ್ಬರು ಮೆಲುದನಿಯಲ್ಲಿ, ಒಬ್ಬರು ವಾದಕ್ಕಿಳಿದು, ಇನ್ನೊಬ್ಬರು ಕೇರಿಯ ಸಿಟ್ಟನ್ನೇ ಪದ್ಯ ಮಾಡಿ.

ಇವರಲ್ಲಿ ಅನಂತಮೂರ್ತಿಯವರ ಕೊನೆಯ ವರ್ಷದ ಕಥೆಯನ್ನು ಪೂರ್ತಿ ನೆನಪಿಟ್ಟವರು ಕಡಿಮೆ. ನರೇಂದ್ರ ಮೋದಿ ಪ್ರಧಾನಿಯಾಗುವ ದೇಶದಲ್ಲಿ ಬದುಕಲು ಇಷ್ಟವಿಲ್ಲ ಎಂದು 2013ರಲ್ಲಿ ಹೇಳಿದರು. ಆಮೇಲೆ ಅದು ಭಾವಾವೇಶದ ಮಾತೆಂದೂ ಹೇಳಿಕೊಂಡರು. ಮರುವರ್ಷ ಚುನಾವಣೆ ಮುಗಿಯಿತು, ಎದುರಾಳಿಗಳು ಅವರಿಗೆ ಪಾಕಿಸ್ತಾನಕ್ಕೆ ಟಿಕೆಟ್ ಮಾಡಿಸಿದರು, ಸರ್ಕಾರ ಮನೆಗೆ ಪೊಲೀಸ್ ಕಾವಲು ಹಾಕಿತು. ಅವರು ತೀರಿಕೊಂಡಾಗ ಮಂಗಳೂರು, ಚಿಕ್ಕಮಗಳೂರು ಕಡೆ ಪಟಾಕಿ ಹಚ್ಚಿದ ವರದಿಗಳು ಬಂದವು. ಪಟಾಕಿಯ ಸುದ್ದಿ ಎಲ್ಲರಿಗೂ ಗೊತ್ತು. ಕನ್ನಡ ಸಾಹಿತ್ಯಕ್ಕೆ ನಷ್ಟವಾಯಿತೆಂದು ಪ್ರಧಾನಿ ಮೋದಿಯವರೇ ಸಂತಾಪ ಸೂಚಿಸಿದ್ದು ಎಷ್ಟು ಜನಕ್ಕೆ ಗೊತ್ತು? ನಾಯಕರು ಮುಗಿಸಿದ ಜಗಳವನ್ನು ಹಿಂಬಾಲಕರು ಮುಂದುವರಿಸುವುದು ನಮ್ಮಲ್ಲಿ ಹಳೇ ಚಾಳಿ.

ಇನ್ನೊಂದು. ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ‘ಬೆಂಗಳೂರು’ ಎಂದೇ ಬರೆಯಬೇಕೆಂದು ಸಲಹೆ ಕೊಟ್ಟವರು ಇದೇ ಅನಂತಮೂರ್ತಿ. ಅದು ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು, ಅವರು ಹೋಗಿ ಎರಡು ತಿಂಗಳಾದ ಮೇಲೆ. ‘ದೇಶ ಬಿಟ್ಟು ಹೋಗಿ’ ಎಂದವರೂ ಈಗ ವಿಳಾಸ ಬರೆಯುವಾಗ ಅವರ ಮಾತನ್ನೇ ಕೇಳುತ್ತಾರೆ.

ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದು ಒಂದು ಯುದ್ಧದ ಸುದ್ದಿಯಲ್ಲಿ! ಬೇಗೂರಿನ ನಾಗೇಶ್ವರ ದೇವಸ್ಥಾನದ ಸುಮಾರು ಕ್ರಿ.ಶ. 890ರ ಶಾಸನ, ‘ಬೆಂಗಳೂರ ಕಾಳೆಗ’ದಲ್ಲಿ ನಾಗತ್ತರನ ಕಡೆಯ ಬುಟ್ಟನಶೆಟ್ಟಿ ಸತ್ತನೆಂದು ಹೇಳುತ್ತದೆ. ಬೆಂದ ಕಾಳಿನಿಂದ ಊರಿಗೆ ಹೆಸರು ಬಂತೆಂಬ ಕಥೆ ಅದಕ್ಕಿಂತ ರುಚಿ, ನಿಜ. ಆದರೆ ಕಲ್ಲಿನ ಮೇಲಿರುವುದು ಕಾಳಗ.

ಕಾಳಗ ತಪ್ಪಿಸಿದ್ದಕ್ಕೂ ನಮ್ಮಲ್ಲಿ ಕಲ್ಲುಂಟು, ಅದೂ ಸುಮಾರು 58 ಅಡಿಯದು. ಭರತ, ಬಾಹುಬಲಿ ಅಣ್ಣತಮ್ಮಂದಿರು ಸೇನೆ ಸಮೇತ ಎದುರುಬದುರಾದಾಗ, ಇಬ್ಬರ ಹಟಕ್ಕೆ ಸಾವಿರಾರು ಜನ ಯಾಕೆ ಸಾಯಬೇಕು ಎಂದು ತಡೆದವರು ಮಂತ್ರಿಗಳು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಈ ಮೂರರಲ್ಲಿ ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ ಎಂದರು. ಗೆದ್ದ ಬಾಹುಬಲಿ ಗೆದ್ದದ್ದನ್ನು ಬಿಟ್ಟು ಕಾಡಿಗೆ ಹೋದ. ಕ್ರಿ.ಶ. 941ರಲ್ಲಿ ಇದನ್ನು ಕನ್ನಡದ ಕಾವ್ಯ ಮಾಡಿದ ಪಂಪ ಸ್ವತಃ ಕತ್ತಿ ಹಿಡಿದವನು. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿ ಕಡೆಸಿದ ಚಾವುಂಡರಾಯನೋ ‘ಸಮರಪರಶುರಾಮ’ನೆಂದು ಬಿರುದು ಹೊತ್ತ ಗಂಗರ ದಂಡನಾಯಕ. ಯುದ್ಧ ಬೇಡ ಅನ್ನುವವರು ಯುದ್ಧ ಕಾಣದ ಪುಕ್ಕಲರು ಎಂದು ಟೀವಿಯಲ್ಲಿ ಕೂಗುವವರು ಒಮ್ಮೆ ವಿಂಧ್ಯಗಿರಿಯ ಮೆಟ್ಟಿಲು ಹತ್ತಲಿ.

ಇನ್ನೊಂದು ಕಲ್ಲಿನ ಕಥೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಒಂದು ಕಾಳಿ ಗುಡಿ. 1986ರಲ್ಲಿ ಅದರ ಚಾವಣಿ ಕುಸಿಯಿತು. ದೇವಿಯ ಪೀಠವಾಗಿ ಶತಮಾನಗಳ ಕಾಲ ಕೂತಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿದದ್ದು ಆಮೇಲೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು ಎಂದು ಗೆದ್ದ ರಾಜನೇ ಪಶ್ಚಾತ್ತಾಪ ಪಡುವ ಹದಿಮೂರನೆಯ ಶಾಸನ ಸನ್ನತಿಯ ಕಲ್ಲಿನಲ್ಲಿಲ್ಲ. ಕಳಿಂಗದ ನೆಲದಲ್ಲೂ, ಅಂದರೆ ಧೌಲಿ, ಜೌಗಡದಲ್ಲೂ, ಅದನ್ನು ಕೆತ್ತಿಸಿಲ್ಲ. ಸೋತವರ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲವೇನೋ. ಸನ್ನತಿಯಲ್ಲಿ ಹನ್ನೆರಡನೆಯದಂತೂ ಇದೆ: ನಿನ್ನ ಪಂಥವನ್ನು ಹೊಗಳಲು ಇನ್ನೊಬ್ಬರದನ್ನು ತೆಗಳಬೇಡ, ನಾಲಿಗೆ ಹಿಡಿತದಲ್ಲಿರಲಿ, ಇತರರ ಮಾತನ್ನೂ ಕೇಳು ಎಂಬುದು ಅದರ ತಾತ್ಪರ್ಯ. ಎರಡು ಸಾವಿರದ ಇನ್ನೂರು ಚಿಲ್ಲರೆ ವರ್ಷ ಹಳೆಯದು. ಪ್ರೈಮ್‌ಟೈಮ್ ಚರ್ಚೆಗೆ ಮೊದಲು ಓದಿಸಬಹುದು.

ಈಗ ಅಮೆರಿಕಕ್ಕೆ ಹೋಗೋಣ. ಆದರೆ ಶ್ರೀರಂಗಪಟ್ಟಣದ ದಾರಿಯಲ್ಲಿ.

1782ರ ಏಪ್ರಿಲ್ 8. ಅಮೆರಿಕದವರು ಬ್ರಿಟಿಷರಿಂದ ಬಿಡಿಸಿಕೊಳ್ಳಲು ಇನ್ನೂ ಹೋರಾಡುತ್ತಿದ್ದ ಕಾಲ. ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಗೆದ್ದ ಹಡಗಿನ ಹೆಸರೇನು ಗೊತ್ತೇ? ‘ಹೈದರ್ ಅಲಿ’! ಹೌದು, ನಮ್ಮ ಮೈಸೂರಿನ ಹೈದರಲಿಯೇ. ಶತ್ರುವಿನ ಶತ್ರು ಮಿತ್ರನಾದ್ದರಿಂದ ಫಿಲಡೆಲ್ಫಿಯಾದವರಿಗೆ ಶ್ರೀರಂಗಪಟ್ಟಣದ ನವಾಬ ಅಚ್ಚುಮೆಚ್ಚು. ಫಿಲಿಪ್ ಫ್ರೆನೊ ಎಂಬ ಅಲ್ಲಿನ ಕವಿ ಆ ಹಡಗಿನ ಮೇಲೆ ಪದ್ಯವನ್ನೂ ಕಟ್ಟಿದ. ಹಡಗಿನ ಕ್ಯಾಪ್ಟನ್ ಜೋಶುವಾ ಬಾರ್ನಿ. ಈ ಹೆಸರು ನೆನಪಿಟ್ಟುಕೊಳ್ಳಿ.

1799ರಲ್ಲಿ ಟಿಪ್ಪು ಬಿದ್ದ. ಬ್ರಿಟಿಷರು ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಸಾಮಾನುಗಳಲ್ಲಿ ಕಬ್ಬಿಣದ ಕೊಳವೆಯ ಬಾಣಗಳೂ ಇದ್ದವು. ಬಾಣವೆಂದರೆ ಬಿಲ್ಲಿನದಲ್ಲ, ಬಿದಿರಿನ ಕೋಲಿಗೆ ಬಿಗಿದ ರಾಕೆಟ್. ಬೆಂಗಳೂರಿನಲ್ಲಿ ಅವು ತಯಾರಾಗುತ್ತಿದ್ದ ಕೇರಿಯ ಹೆಸರು ಇಂದಿಗೂ ತಾರಾಮಂಡಲಪೇಟೆ. ವೂಲ್‌ವಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ನೋಡಿ ತನ್ನದೇ ರಾಕೆಟ್ ಮಾಡಿದ. ಬ್ರಿಟಿಷರಿಗೂ ಅಮೆರಿಕಕ್ಕೂ ಮತ್ತೆ ಯುದ್ಧ ಹತ್ತಿದಾಗ, 1814ರ ಆಗಸ್ಟ್ 24ರಂದು, ವಾಷಿಂಗ್ಟನ್ ಹೊರಗೆ ಬ್ಲೇಡನ್ಸ್‌ಬರ್ಗ್‌ನಲ್ಲಿ ಆ ಕಾಂಗ್ರೀವ್ ರಾಕೆಟ್‌ಗಳು ಹಾರಿದಾಗ ಅಮೆರಿಕದ ಮಿಲಿಷಿಯಾ ಕಾಲಿಗೆ ಬುದ್ಧಿ ಹೇಳಿತು. ಕದಲದೆ ನಿಂತದ್ದು ಒಂದು ನಾವಿಕರ ಗುಂಪು. ತೊಡೆಗೆ ಗುಂಡು ಬಿದ್ದು ಸೆರೆಯಾದ ಅದರ ನಾಯಕ ಅದೇ ಜೋಶುವಾ ಬಾರ್ನಿ! ಯೌವನದಲ್ಲಿ ‘ಹೈದರ್ ಅಲಿ’ ಹಡಗು ನಡೆಸಿದವನ ನೆತ್ತಿಯ ಮೇಲೆ, ಮುಪ್ಪಿನ ಹೊಸ್ತಿಲಲ್ಲಿ ಹೈದರಲಿಯ ಬಾಣದ ಮೊಮ್ಮಕ್ಕಳು. ಸಿನಿಮಾದಲ್ಲಿ ತೋರಿಸಿದರೆ ನಂಬುವುದಿಲ್ಲ.

ಮೂರು ವಾರದ ನಂತರ ಬಾಲ್ಟಿಮೋರಿನ ಕೋಟೆಯ ಮೇಲೂ ಅವೇ ರಾಕೆಟ್‌ಗಳು. ಅದನ್ನು ದೂರದ ಹಡಗಿನಿಂದ ನೋಡಿದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯವೇ 1931ರಿಂದ ಅಮೆರಿಕದ ರಾಷ್ಟ್ರಗೀತೆ. ಅದರೊಳಗಿನ ರಾಕೆಟ್‌ನ ಕೆಂಪು ಬೆಳಕಿನ ಮೂಲ ಕಾವೇರಿ ತೀರ.

ಆ ಗೀತೆಯ ಮುಂದಿನ ಬದುಕು ಇನ್ನೂ ಸ್ವಾರಸ್ಯ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಅದು ಮೊಳಗುವಾಗ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಕಪ್ಪು ಕೈಗವಸಿನ ಮುಷ್ಟಿ ಎತ್ತಿದರು. 1969ರ ಆಗಸ್ಟಿನಲ್ಲಿ, ವಿಯೆಟ್ನಾಂ ಯುದ್ಧ ನಡೆದಿರುವಾಗಲೇ, ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ಅದನ್ನು ಗಿಟಾರಿನಲ್ಲಿ ನುಡಿಸಿದ. ಪದಗಳಿಲ್ಲ. ರಾಕೆಟ್ಟಿನ ಸೀಳು, ಬಾಂಬಿನ ಸದ್ದು ಮಾತ್ರ ತಂತಿಯಿಂದಲೇ ಬಂತು. ಯುದ್ಧದ ಹಾಡು ಯುದ್ಧವಿರೋಧದ ಹಾಡಾಗಿ ಕೇಳಿಸಿತು. 2016ರಲ್ಲಿ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ಪೊಲೀಸರ ವರ್ಣದ್ವೇಷ ಖಂಡಿಸಿ ಗೀತೆಯ ಹೊತ್ತಿಗೆ ಮೊದಲು ಕೂತ, ಆಮೇಲೆ ಮಂಡಿಯೂರಿದ. ಸೈನಿಕರಿಗೆ ಅವಮಾನವೆಂದು ಅರ್ಧ ದೇಶ ಉರಿದುಬಿತ್ತು. ಕೂರಬೇಡ, ಮಂಡಿಯೂರು ಎಂದು ಅವನಿಗೆ ಸಲಹೆ ಕೊಟ್ಟವನು ನೇಟ್ ಬೋಯರ್ ಎಂಬ ಮಾಜಿ ಕಮಾಂಡೊ ಎಂಬುದು ಆ ಅರ್ಧ ದೇಶಕ್ಕೆ ಗೊತ್ತಿರಲಿಲ್ಲವೋ, ಗೊತ್ತಾಗುವುದು ಬೇಕಿರಲಿಲ್ಲವೋ.

ನಮ್ಮ ಕಡೆ ಆ ಬಾಣಗಳು ಏನಾದವು? ಸಾವಿರಕ್ಕೂ ಹೆಚ್ಚು, 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಒಂದು ಪಾಳುಬಾವಿಯಲ್ಲಿ ಸಿಕ್ಕವು.

ಅಂದಹಾಗೆ, ಆ 1812–15ರ ಯುದ್ಧವೇ ಬೇಡ ಎಂದು ಅಮೆರಿಕದ ಸಂಸತ್ತಿನಲ್ಲಿ ಓಟು ಹಾಕಿದವರು ಎಷ್ಟು? ಕೆಳಮನೆಯಲ್ಲಿ 79ಕ್ಕೆ ಎದುರಾಗಿ 49, ಮೇಲ್ಮನೆಯಲ್ಲಿ 19ಕ್ಕೆ 13. ಆಗಲೂ ದೇಶ ಎರಡು ಹೋಳು. ಮೊನ್ನೆಮೊನ್ನೆ ಒಡೆಯಿತು ಎಂದು ಅಳುವವರಿಗೆ ಹೇಳಿ.

ಎರಡು ಮಹಾಯುದ್ಧಗಳಿಗೂ ‘ಬೇಡ’ ಎಂದು ಓಟು ಹಾಕಿದ ಒಬ್ಬರೇ ಒಬ್ಬ ಅಮೆರಿಕನ್ ಸಂಸದೆ ಮೊಂಟಾನಾದ ಜೆನೆಟ್ ರಾಂಕಿನ್. 1917ರಲ್ಲಿ ಜತೆಗೆ ಇನ್ನೂ 49 ಮಂದಿ ಇದ್ದರು. 1941ರಲ್ಲಿ 388ಕ್ಕೆ ಆಕೆ ಒಬ್ಬರೇ. ಗಾಂಧಿಯವರನ್ನು ಮೆಚ್ಚಿದ್ದ ಈಕೆ ಭಾರತಕ್ಕೆ ಏಳು ಸಲ ಬಂದುಹೋದರು. 1968ರ ಜನವರಿಯಲ್ಲಿ, ವಯಸ್ಸು 87, ವಿಯೆಟ್ನಾಂ ಯುದ್ಧದ ವಿರುದ್ಧ ವಾಷಿಂಗ್ಟನ್‌ನಲ್ಲಿ ಸುಮಾರು ಐದು ಸಾವಿರ ಹೆಂಗಸರ ಮೆರವಣಿಗೆಯ ಮುಂದೆ ನಡೆದರು.

2001ರಲ್ಲಿ ಅಂಥದೇ ಒಂಟಿ ಓಟು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದು. 420ಕ್ಕೆ 1. ಅವಳಿ ಗೋಪುರ ಬಿದ್ದು ಮೂರೇ ದಿನವಾಗಿತ್ತು. ಅಧ್ಯಕ್ಷರ ಕೈಗೆ ಖಾಲಿ ಚೆಕ್ ಕೊಡಬೇಡಿ ಎಂಬುದು ಅವರ ವಾದವಾಗಿತ್ತು. ಅಫ್ಘಾನಿಸ್ತಾನದಿಂದ ಅಮೆರಿಕ ಸೇನೆ ಹೊರಬಂದದ್ದು 2021ರಲ್ಲಿ. ಲೆಕ್ಕ ನೀವೇ ಹಾಕಿ.

ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಡದೆ ಕೂತದ್ದು 1955ರಲ್ಲಿ, ಅದು ಪಠ್ಯಪುಸ್ತಕದಲ್ಲಿದೆ. ಅದಕ್ಕೆ 14 ವರ್ಷ ಮೊದಲು ಅಮೆರಿಕದ ದಕ್ಷಿಣದಲ್ಲಿ, ಲೂಸಿಯಾನಾದ ರೈಲಿನಲ್ಲಿ, ಬಿಳಿಯರ ಡಬ್ಬಿಯಿಂದ ಏಳಲು ಒಪ್ಪದೆ ಕೂತ ಮಂಗಳೂರಿನ ಹೆಂಗಸು ಯಾರು ಗೊತ್ತೇ? ಕಮಲಾದೇವಿ ಚಟ್ಟೋಪಾಧ್ಯಾಯ. ಟಿಕೆಟ್ ಕಲೆಕ್ಟರ್ ಬೇರೆ ಡಬ್ಬಿಗೆ ಹೋಗಿ ಎಂದ. ಹೋಗಲಿಲ್ಲ. ಭಾರತದವರೆಂದು ತಿಳಿದು ಅವನು ಮೆತ್ತಗಾದ, ವಿನಾಯಿತಿ ಕೊಡಲು ಹವಣಿಸಿದ. ಇವರು ವಿನಾಯಿತಿಯನ್ನೂ ತೆಗೆದುಕೊಳ್ಳಲಿಲ್ಲ: ನಾನೂ ಕಪ್ಪುಬಣ್ಣದವಳೇ, ಆದರೆ ಏಳುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ‘ನಾನು ಅವರ ಪೈಕಿ ಅಲ್ಲ’ ಎಂದಿದ್ದರೆ ಸುಲಭವಾಗಿ ಮುಗಿಯುತ್ತಿತ್ತು. ಪರದೇಶದಲ್ಲಿ ನಮ್ಮವರು ಇವತ್ತಿಗೂ ಹಿಡಿಯುವ ದಾರಿ ಬಹುಪಾಲು ಅದೇ ತಾನೆ?

ಅದೇ ಕಮಲಾದೇವಿ ಜಪಾನಿನ ದಾಳಿಗೆ ನುಜ್ಜಾದ ಚೀನಾವನ್ನು ಕಂಡು ಪುಸ್ತಕ ಬರೆದರು, ಅಮೆರಿಕದ ಸಾಮ್ರಾಜ್ಯಶಾಹಿಯ ಬಗ್ಗೆಯೂ 1944ರಲ್ಲಿ ಒಂದು ಪುಸ್ತಕ ತಂದರು. ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಕರೆಯಿರಿ ಎಂದು ಗಾಂಧಿಯವರನ್ನೇ ಒಪ್ಪಿಸಿದವರಲ್ಲಿ ಅವರೊಬ್ಬರು. ಅವರು ಮುನ್ನಡೆಸಿದ ಭಾರತೀಯ ನಾಟ್ಯ ಸಂಘ 1958ರಲ್ಲಿ ಯುನೆಸ್ಕೊ ನೆರವಿನಿಂದ ದಿಲ್ಲಿಯಲ್ಲಿ ಆರಂಭಿಸಿದ ರಂಗಶಾಲೆಯೇ ಮರುವರ್ಷ ರಾಷ್ಟ್ರೀಯ ನಾಟಕ ಶಾಲೆಯೊಳಗೆ ಸೇರಿತು. ಆ ಶಾಲೆಯ ಬೆಂಗಳೂರು ಕೇಂದ್ರ ಇರುವುದು ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ.

ಸಾಗರದ ಕಾಗೋಡಿನಲ್ಲೂ ಬಂಧನ, ಮಿಸಿಸಿಪ್ಪಿಯ ಜಾಕ್ಸನ್‌ನಲ್ಲೂ ಬಂಧನ. ಯಾರು? ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ. 1951ರಲ್ಲಿ ಗೇಣಿದಾರರ ಜತೆ ನಿಂತದ್ದಕ್ಕೆ ಕಾಗೋಡಿನಲ್ಲಿ ಹಿಡಿದರು. 1964ರ ಮೇ ತಿಂಗಳಲ್ಲಿ ಜಾಕ್ಸನ್‌ನ ಬಿಳಿಯರ ಹೋಟೆಲಿಗೆ ಪಂಚೆ ಉಟ್ಟು ಊಟಕ್ಕೆ ಹೋದದ್ದಕ್ಕೆ ಅಲ್ಲಿನ ಪೊಲೀಸರು ಹಿಡಿದರು. ಅಮೆರಿಕ ಸರ್ಕಾರ ವಿಷಾದ ಸೂಚಿಸಿತು. ಕಾಗೋಡಿನ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರ ಬದುಕಿನ ನೆರಳಿರುವುದು ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯಲ್ಲಿ.

ಭಾರತದಲ್ಲಿ ನೇರವಾಗಿ ಯುದ್ಧದ ವಿರುದ್ಧವೇ ನಡೆದ ಸತ್ಯಾಗ್ರಹ ಒಂದಿದೆ. ಶಾಲೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. 1940ರ ವೈಯಕ್ತಿಕ ಸತ್ಯಾಗ್ರಹ. ನಮ್ಮನ್ನು ಕೇಳದೆ ನಮ್ಮನ್ನು ಯುದ್ಧಕ್ಕೆ ನೂಕಿದ್ದೀರಿ, ಆಳನ್ನೂ ಕೊಡುವುದಿಲ್ಲ, ಹಣವನ್ನೂ ಕೊಡುವುದಿಲ್ಲ ಎಂದು ಒಬ್ಬೊಬ್ಬರಾಗಿ ನಿಂತು ಹೇಳುವುದು, ಜೈಲಿಗೆ ಹೋಗುವುದು. ಅಕ್ಟೋಬರ್ 17ರಂದು ಮೊದಲು ನಿಂತವರು ವಿನೋಬಾ, ಆಮೇಲೆ ನೆಹರೂ ಸರದಿ. ಒಟ್ಟು 20 ಸಾವಿರಕ್ಕೂ ಹೆಚ್ಚು ಜನ ಒಳಗೆ ಹೋದರು. ಎಲ್ಲಿ, ಯಾವಾಗ ಮಾತಾಡುತ್ತೇನೆಂದು ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂಬುದು ಗಾಂಧಿ ಹಾಕಿದ ನಿಯಮ. ಅದು ತಿಳಿಸುವುದು ಮಾತ್ರ, ಅಪ್ಪಣೆ ಬೇಡುವುದಲ್ಲ.

ಸತ್ಯಾಗ್ರಹದ ಮಾತು ಬಂತಲ್ಲ, ಗಾಂಧಿಯವರ ದಂಡಿ ಯಾತ್ರೆಯಲ್ಲಿ ನಡೆದ ಏಕೈಕ ಕನ್ನಡಿಗ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಗುಂಡಿಗೆ ಬಲಿಯಾದದ್ದು ಹೊಸರಿತ್ತಿಯಲ್ಲಿ, 1943ರ ಏಪ್ರಿಲ್ 1.

ಸೈನಿಕರನ್ನು ಕಡೆಗಣಿಸಿ ಈ ಅಂಕಣ ಬರೆದರೆ ಕೊಡಗಿನವರು ಬಿಟ್ಟಾರೆಯೇ? ಬಿಡಬಾರದು ಕೂಡ. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ ದೊಡ್ಡ ತಲೆನೋವು ಒಂದು ಉಳಿಯಿತು. ಎರಡೂ ಕಡೆ ಸೆರೆಸಿಕ್ಕ ಸಾವಿರಾರು ಸೈನಿಕರು ‘ನಾವು ನಮ್ಮ ದೇಶಕ್ಕೆ ವಾಪಸು ಹೋಗುವುದಿಲ್ಲ’ ಎಂದು ಕೂತುಬಿಟ್ಟರು. ಹೆದರಿಸದೆ ಬೆದರಿಸದೆ ಅವರವರ ಇಷ್ಟ ಕೇಳಿ ತೀರ್ಮಾನಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರು ಮಡಿಕೇರಿಯ ಜನರಲ್ ತಿಮ್ಮಯ್ಯ. ಇಪ್ಪತ್ತೆರಡು ಸಾವಿರ ಮೀರಿದ ಕೈದಿಗಳು, ಶಿಬಿರದೊಳಗೆ ಕಮ್ಯುನಿಸ್ಟ್ ಪರ, ವಿರೋಧಿ ಗುಂಪುಗಳ ಬಡಿದಾಟ, ಕಾವಲಿಗೆ ನಮ್ಮ ಜವಾನರು. ಗುಂಡು ಹೊಡೆದು ಮುಗಿಸುವುದಕ್ಕಿಂತ ಕಷ್ಟದ ಕೆಲಸ. ಕೊನೆಗೆ 21 ಮಂದಿ ಅಮೆರಿಕನ್ ಸೈನಿಕರೇ ಸ್ವದೇಶ ಒಲ್ಲೆವೆಂದು ಚೀನಾಕ್ಕೆ ಹೋದರು! ಯಾವ ಬಣವೂ ಬೇಡವೆಂದ 80ಕ್ಕೂ ಹೆಚ್ಚು ಕೈದಿಗಳು ನಮ್ಮ ಸೇನೆಯ ಜತೆ ಭಾರತಕ್ಕೆ ಬಂದರು. ತಿಮ್ಮಯ್ಯ ತೀರಿಕೊಂಡದ್ದು 1965ರಲ್ಲಿ, ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ. ಸೈಪ್ರಸ್ ಅವರ ಅಂಚೆಚೀಟಿ ಹೊರಡಿಸಿತು.

ಅದೇ 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ಕೊಡಗಿನವರೇ ಆದ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ನಂದಾ ಕಾರ್ಯಪ್ಪ, ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಹಳೆಯ ಪರಿಚಯದ ಪಾಕ್ ಅಧ್ಯಕ್ಷ ಅಯೂಬ್ ಖಾನ್ ಬಿಡುಗಡೆಯ ಮಾತಾಡಿದಾಗ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂದು ತಂದೆ ಹೇಳಿ ಕಳಿಸಿದರು.

1974ರ ಮೇ 18ರಂದು ಪೋಖ್ರಾನ್‌ನಲ್ಲಿ ಮೊದಲ ಅಣುಪರೀಕ್ಷೆ. ಅದರ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಬಿಡುವಿನಲ್ಲಿ ಪಿಯಾನೊ ನುಡಿಸುತ್ತಿದ್ದವರು. ಅದೇ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಹಳ್ಳಿಗರಿಗಾಗಿ ‘ಅಸ್ತ್ರ’ ಕೇಂದ್ರ ಕಟ್ಟಿದರು. ಹೊಗೆ ಕಡಿಮೆ ಮಾಡುವ ‘ಅಸ್ತ್ರ ಒಲೆ’ ಬಂದದ್ದು ಅಲ್ಲಿಂದ. 1998ರ ಮೇನಲ್ಲಿ ಎರಡನೇ ಸಲ ಬಾಂಬು ಸಿಡಿದಾಗ ಊರೆಲ್ಲ ಸಿಹಿ ಹಂಚಿತು. ವಿಜ್ಞಾನಿಗಳ ನೈತಿಕ ಹೊಣೆ ಏನು ಎಂದು ಅಣ್ವಸ್ತ್ರದ ವಿರುದ್ಧ ಬರೆದವರು ಅಮೂಲ್ಯ ರೆಡ್ಡಿ.

ಆ 1998ರ ಬಾಂಬಿನ ಹೊತ್ತಿಗೆ ರಕ್ಷಣಾ ಮಂತ್ರಿ ಯಾರು? ಅಣುಬಾಂಬಿಗೆ ಬಹುಕಾಲ ವಿರೋಧಿಯಾಗಿದ್ದ, ತುರ್ತುಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಕೇಸಿನ ಮೊದಲ ಆರೋಪಿಯಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಜೈಲಿನಿಂದಲೇ 1977ರಲ್ಲಿ ಮುಜಫ್ಫರ್‌ಪುರ ಗೆದ್ದವರು. ನಿನ್ನೆ ದೇಶದ್ರೋಹದ ಆಪಾದನೆ ಹೊತ್ತವರು ಇಂದು ದೇಶದ ಸೇನೆಗೆ ಯಜಮಾನರು. ಕುರ್ಚಿಯಲ್ಲಿ ಕೂತವರು, ಬೀದಿಯಲ್ಲಿ ನಿಂತವರು ಬೇರೆ ಬೇರೆ ಜಾತಿಯ ಪ್ರಾಣಿಗಳಲ್ಲ. ಜಾಗ ಅದಲುಬದಲಾಗುತ್ತಲೇ ಇರುತ್ತದೆ. ಹಾಗಾಗಿ ಈ ಅಂಕಣಕಾರನಿಗೆ ಹೇಳಲಿಕ್ಕಿರುವುದು ಇಷ್ಟೇ: ಬೀದಿಯ ಜಾಗವನ್ನು ಯಾರೂ ಪೂರ್ತಿ ಮುಚ್ಚದಿರುವುದು ಮುಚ್ಚುವವರಿಗೇ ಒಳ್ಳೆಯದು.

ಆ ಡೈನಮೈಟ್ ಕೇಸಿನ ಹೆಸರಿನಲ್ಲಿ ಜೀವ ತೆತ್ತವರು ಒಬ್ಬರಿದ್ದಾರೆ. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ. 1976ರ ಮೇನಲ್ಲಿ ಬಂಧನ, ಬೆಂಗಳೂರು ಸೆಂಟ್ರಲ್ ಜೈಲು, ತೀವ್ರ ಆಸ್ತಮಾ, ಸರಿಯಾದ ಚಿಕಿತ್ಸೆಯಿಲ್ಲ. ಆರೋಪಪಟ್ಟಿಯಲ್ಲಿ ಕೊನೆಗೆ ಹೆಸರೂ ಇರಲಿಲ್ಲ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದು, 20ರಂದು ತೀರಿಕೊಂಡರು. ಅದೇ ಜೈಲಿನಲ್ಲಿದ್ದ ಸಮಾಜವಾದಿ ಮಧು ದಂಡವತೆ, ರಾತ್ರಿ ಆಕೆಯ ಚೀರಾಟ ಕೇಳುತ್ತಿತ್ತೆಂದು ಬರೆದಿದ್ದಾರೆ. ಜನಸಂಘದ ವಾಜಪೇಯಿ, ಅಡ್ವಾಣಿ ಕೂಡ ಆ ಜೈಲಿನ ಕೈದಿಗಳೇ. ಸಂಸತ್ತಿನ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದವರನ್ನು 1975ರ ಜೂನ್ 26ರಂದು ಇಲ್ಲೇ ಹಿಡಿದರು.

ಆ ಸಿನಿಮಾಕ್ಕೆ ಮೂಲವಾದ ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಮೊಳೆತದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ನೋಡಿದ ಮೇಲೆ. ಧರ್ಮಯುದ್ಧ ಮುಗಿಸಿ ಊರಿಗೆ ಮರಳಿದ ಯೋಧ ಪ್ಲೇಗಿನ ನಾಡಿನಲ್ಲಿ ದೇವರನ್ನು ಹುಡುಕುವ ಚಿತ್ರ ಅದು. ಪ್ಲೇಗು ಕಾದಂಬರಿಯ ಅಗ್ರಹಾರವಾದ ದೂರ್ವಾಸಪುರಕ್ಕೆ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ.

ತುರ್ತುಪರಿಸ್ಥಿತಿ ವಿರೋಧಿಸಿ ಪದ್ಮಭೂಷಣ ಹಿಂತಿರುಗಿಸಿದವರು ಕೋಟದ ಶಿವರಾಮ ಕಾರಂತರು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾದ ಮೇಲೆ ಕುಂ. ವೀರಭದ್ರಪ್ಪ, ದೇವನೂರ ಮಹಾದೇವ, ರಹಮತ್ ತರೀಕೆರೆ ಪ್ರಶಸ್ತಿ ಹಿಂತಿರುಗಿಸಿದಾಗ ಕೆಲವರಿಗೆ ಇದು ಹೊಸ ಫ್ಯಾಷನ್ನಾಗಿ ಕಂಡಿತು. ಕಾರಂತರು ನಲವತ್ತು ವರ್ಷ ಮುಂದಿದ್ದರು.

ತುರ್ತುಪರಿಸ್ಥಿತಿಯ ನಟ್ಟನಡುವೆ, 1976ರಲ್ಲಿ, ಜ್ಞಾನಭಾರತಿಯ ಕುಲಪತಿ ಮಾಡಿದ ಕೆಲಸ ಕೇಳಿ. ಪವಾಡ, ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ವಿಶ್ವವಿದ್ಯಾಲಯದಿಂದ ಸಮಿತಿ ರಚಿಸಿ, ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದರು ಎಚ್. ನರಸಿಂಹಯ್ಯ. ಅಮೆರಿಕದ ಒಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿ, ಖಾದಿ ಪಂಚೆ, ಗಾಂಧಿ ಟೋಪಿಯಲ್ಲೇ ಉಳಿದವರು. ಚಲೇಜಾವ್ ಚಳವಳಿಯಲ್ಲಿ ಜೈಲು ಕಂಡವರು. ಬಾಬಾ ಉತ್ತರಿಸಲಿಲ್ಲ.

ಕಾರ್ಗಿಲ್ ಯುದ್ಧ ಮುಗಿದು ವರ್ಷ ತುಂಬುವ ಮೊದಲೇ, 2000ದ ಏಪ್ರಿಲ್‌ನಲ್ಲಿ, ಭಾರತ ಮತ್ತು ಪಾಕಿಸ್ತಾನದ ಜನರ ಶಾಂತಿ ವೇದಿಕೆಯ ಜಂಟಿ ಸಮಾವೇಶ ನಡೆದದ್ದು ಬೆಂಗಳೂರಿನಲ್ಲಿ. ಗಡಿಯಾಚೆಯಿಂದಲೂ ಪ್ರತಿನಿಧಿಗಳು ಬಂದಿದ್ದರು. ಇವತ್ತು ಹಾಗೊಂದು ಸಭೆಗೆ ಹಾಲ್ ಬುಕ್ ಮಾಡಲು ಹೋಗಿ ನೋಡಿ.

ಕಪ್ಪು ಬಟ್ಟೆ, ಬಾಯಲ್ಲಿ ಮಾತಿಲ್ಲ, ಕೈಯಲ್ಲಿ ಫಲಕ, ರಸ್ತೆ ಬದಿಯಲ್ಲಿ ಸುಮ್ಮನೆ ನಿಲ್ಲುವುದು. 1988ರಲ್ಲಿ ಜೆರುಸಲೇಮಿನಲ್ಲಿ, ಪ್ಯಾಲೆಸ್ಟೀನಿಯರ ನೆಲ ಬಿಡಿ ಎಂದು ಇಸ್ರೇಲಿನ ಹೆಂಗಸರೇ ಶುರುಮಾಡಿದ ಕ್ರಮವಿದು. ಅದನ್ನು ಬೆಂಗಳೂರಿಗೆ ತಂದದ್ದು 1979ರಲ್ಲಿ ಹುಟ್ಟಿದ ‘ವಿಮೋಚನಾ’ದ ಹೆಂಗಸರು. ಯುದ್ಧಕ್ಕೂ, ಕೋಮುಗಲಭೆಗೂ, ವರದಕ್ಷಿಣೆ ಸಾವಿಗೂ ಅದೇ ಕಪ್ಪು, ಅದೇ ಮೌನ.

ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಧಾರವಾಡದ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಶ್ರೀ ಥಾಣೇದಾರ್ 2023ರಿಂದ ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯ್ಟ್‌ನ ಸಂಸದ, ಡೆಮಾಕ್ರಾಟ್. ಆ ವರ್ಷ ಅಕ್ಟೋಬರಿನಲ್ಲಿ ಹಮಾಸ್ ದಾಳಿಯಾದ ಬೆನ್ನಿಗೆ ನ್ಯೂಯಾರ್ಕಿನಲ್ಲಿ ನಡೆದ ಮೆರವಣಿಗೆಯೊಂದರ ನೆಪದಲ್ಲಿ ಅಮೆರಿಕದ ಸಮಾಜವಾದಿಗಳ ಸಂಘಟನೆಯ ಸದಸ್ಯತ್ವ ಬಿಟ್ಟರು. ಪಕ್ಕದ ಕ್ಷೇತ್ರದ, ಅದೇ ಪಕ್ಷದ ರಶೀದಾ ತ್ಲೈಬ್ ಪ್ಯಾಲೆಸ್ಟೀನ್ ಪರ ಮಾತಿಗಾಗಿ ನವೆಂಬರಿನಲ್ಲಿ 234–188 ಓಟಿನಿಂದ ಸದನದ ಖಂಡನೆಗೆ ಒಳಗಾದರು. 2024ರ ಫೆಬ್ರವರಿಯಲ್ಲಿ ಮಿಷಿಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಡೆಮಾಕ್ರಾಟ್ ಮತದಾರರು ಗಾಜಾ ಯುದ್ಧದ ಸಿಟ್ಟಿಗೆ ತಮ್ಮದೇ ಅಧ್ಯಕ್ಷರಿಗೆ ಓಟು ಕೊಡದೆ ‘ಯಾರಿಗೂ ಇಲ್ಲ’ ಎಂಬರ್ಥದ ಗುರುತು ಒತ್ತಿದರು. ಯುದ್ಧ ಎಡ, ಬಲಗಳನ್ನು ಒಡೆಯುತ್ತದೆ ಎನ್ನುತ್ತೇವೆ. ಎಡದೊಳಗೇ ಎಷ್ಟು ಹೋಳು ಮಾಡುತ್ತದೆಂದು ಮಿಷಿಗನ್ ನೋಡಿದರೆ ಸಾಕು.

ಮಲ್ಲತ್ತಹಳ್ಳಿಗೆ ದೂರವಲ್ಲದ ರಾಜರಾಜೇಶ್ವರಿ ನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಗುಂಡಿಟ್ಟು ಕೊಂದದ್ದು 2017ರ ಸೆಪ್ಟೆಂಬರ್ 5. ಒಂದು ವಾರದ ಮೇಲೆ ಅದನ್ನು ಖಂಡಿಸಿದವರಿಂದ ಸೆಂಟ್ರಲ್ ಕಾಲೇಜು ಮೈದಾನ ತುಂಬಿತು.

2019ರ ಡಿಸೆಂಬರ್ 19ರಂದು ಟೌನ್‌ಹಾಲ್ ಮುಂದೆ ಗಾಂಧಿಯ ಜೀವನಚರಿತ್ರೆ ಬರೆದ ರಾಮಚಂದ್ರ ಗುಹಾ ಅವರನ್ನು, ಮಾತಾಡುತ್ತಿದ್ದಂತೆಯೇ, ಪೊಲೀಸರು ಎಳೆದೊಯ್ದ ದೃಶ್ಯ ಪ್ರಪಂಚವೆಲ್ಲ ನೋಡಿತು. ಪೌರತ್ವ ಕಾಯ್ದೆ ತಿದ್ದುಪಡಿ ವಿರೋಧಿಸಿ ಬಂದಿದ್ದರು, ಊರಿನಲ್ಲಿ 144ನೇ ಸೆಕ್ಷನ್ ಹಾಕಿತ್ತು. ಆ ನಿಷೇಧಾಜ್ಞೆಯೇ ಕಾನೂನಿಗೆ ವಿರುದ್ಧವೆಂದು ಕರ್ನಾಟಕ ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಹೇಳಿತು. ಆ ತೀರ್ಪನ್ನು ನೋಡಿದವರು ವಿಡಿಯೊ ನೋಡಿದವರ ನೂರರಲ್ಲೊಂದು ಪಾಲೂ ಇರಲಿಕ್ಕಿಲ್ಲ.

ಟ್ರಾಫಿಕ್ ತೊಂದರೆಯ ಮೊಕದ್ದಮೆಯ ಬೆನ್ನಲ್ಲಿ ಬಂದ 2021ರ ಆದೇಶದಂತೆ ಬೆಂಗಳೂರಿನಲ್ಲಿ ಈಗ ಧರಣಿ, ಮೆರವಣಿಗೆಗೆ ಪೊಲೀಸರ ಲೈಸೆನ್ಸ್ ಬೇಕು, ನಡೆಸುವ ಜಾಗವೂ ಒಂದೇ: ಫ್ರೀಡಂ ಪಾರ್ಕ್. ಸ್ನೇಹಲತಾ ರೆಡ್ಡಿ, ದಂಡವತೆ, ಅಡ್ವಾಣಿ ಇದ್ದ ಸೆಂಟ್ರಲ್ ಜೈಲನ್ನೇ 2008ರಲ್ಲಿ ಉದ್ಯಾನ ಮಾಡಿ ಆ ಹೆಸರಿಟ್ಟದ್ದು. ಬ್ಯಾರಕ್ಕುಗಳು, ಕಾವಲುಗೋಪುರ ಈಗಲೂ ಇವೆ. ಅರ್ಜಿ ಮುಂಚಿತವಾಗಿ ಕೊಡಬೇಕು.